ಊಟ ಬಲ್ಲ ತಂದೆ: ಒಂದು ಗಾದೆಯ ವ್ಯಾಖ್ಯಾನ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ಕನ್ನಡದ ಮನೆಗಳಲ್ಲಿ ಎಷ್ಟು ಸಲೀಸಾಗಿ ನಾಲಿಗೆಗೆ ಬರುತ್ತದೆಯೆಂದರೆ, ಅದರಲ್ಲಿ ಎರಡು ಸಲ ಬರುವ ‘ಬಲ್ಲ’ ಎಂಬ ಪದದ ಮೇಲೆ ಯಾರ ಗಮನವೂ ನಿಲ್ಲುವುದಿಲ್ಲ. ಹೊಟ್ಟೆ ಉಬ್ಬರಿಸಿದವನಿಗೆ, ಹುಳಿತೇಗಿನಿಂದ ರಾತ್ರಿ ಎದ್ದು ಕೂರುವವನಿಗೆ, ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿಯುವವನಿಗೆ ಇದನ್ನು ಹೇಳುವಾಗ ಅದು ಸಲಹೆಯಂತೆ ಕೇಳಿಸಿದರೂ ಒಳಗೆ ಸಣ್ಣದೊಂದು ಆಪಾದನೆ ಇದ್ದೇ ಇರುತ್ತದೆ: ರೋಗ ಬಂದಿದೆಯೆಂದಮೇಲೆ ತಪ್ಪು ತಟ್ಟೆಯ ಮುಂದೆ ಕುಳಿತವನದೇ. ಈ ಆಪಾದನೆ ನ್ಯಾಯವೇ ಎಂದು ಪರೀಕ್ಷಿಸಬೇಕಾದರೆ, ತಟ್ಟೆಗೆ ಏನು ಬೀಳಬೇಕೆಂಬುದು ತನ್ನ ಕೈಯಲ್ಲಿಲ್ಲದವನ ಬಾಳನ್ನು ನೋಡಬೇಕು. ಎರಡು ಮಹಾಯುದ್ಧಗಳಿಗೆ ಹೋಗಿ ಬಂದು, ಆಮೇಲೆ ತಂದೆ, ತಾತ ಎನಿಸಿಕೊಂಡು, ಜಗಲಿಯ ಮೇಲೆ ಕುಳಿತು ಮುದುಕರಾದ ಸಿಪಾಯಿಗಳಿಗಿಂತ ಅದಕ್ಕೆ ತಕ್ಕ ಉದಾಹರಣೆ ಸಿಗುವುದು ಕಷ್ಟ.

ಮೊದಲು ಪದಗಳು. ಗಾದೆ ‘ಆಹಾರ’ ಎನ್ನದೆ ‘ಊಟ’ ಎಂದಿದೆ. ಆಡು ಎಂಬುದರಿಂದ ಆಟ, ಓಡು ಎಂಬುದರಿಂದ ಓಟ ಆದಂತೆ ಉಣ್ಣುವ ಕ್ರಿಯೆಯಿಂದ ಹುಟ್ಟಿದ ನಾಮಪದ ಊಟ. ಆದ್ದರಿಂದ ಅದು ಎಲೆಯ ಮೇಲಿರುವ ವಸ್ತುವನ್ನಷ್ಟೇ ಹೇಳದೆ, ಉಣ್ಣುವ ಹೊತ್ತು, ಅಳತೆ, ಹಸಿವು, ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರು, ಬಡಿಸುವ ಕೈ ಎಲ್ಲವನ್ನೂ ಒಳಗೆ ತೆಗೆದುಕೊಳ್ಳುತ್ತದೆ. ವೈದ್ಯಪರಂಪರೆ ಇದನ್ನೇ ಹಿತ, ಮಿತ, ಋತ ಎಂಬ ಮೂರು ಮಾತುಗಳಲ್ಲಿ ಹಿಡಿಯುತ್ತದೆ: ದೇಹಕ್ಕೆ ಒಗ್ಗುವುದು ಹಿತ, ಅಳತೆ ಮೀರದ್ದು ಮಿತ, ನ್ಯಾಯವಾಗಿ ದುಡಿದು ತಂದದ್ದು ಋತ. ಇನ್ನು ‘ಬಲ್ಲ’ ಎಂಬುದಕ್ಕೆ ಕನ್ನಡದಲ್ಲಿ ಎರಡು ಮುಖಗಳಿವೆ. ‘ಅವನು ಸಂಗೀತ ಬಲ್ಲ’ ಎಂದಾಗ ಅದು ಅರಿವು, ‘ಅವನು ಹತ್ತು ಮೈಲಿ ನಡೆಯಬಲ್ಲ’ ಎಂದಾಗ ಶಕ್ತಿ. ರೂಢಿಯ ಅರ್ಥ ಮೊದಲಿನದನ್ನು ಮಾತ್ರ ಹಿಡಿದುಕೊಂಡಿದೆ. ಎರಡನೆಯದನ್ನೂ ಸೇರಿಸಿ ಓದಿದರೆ, ಊಟವನ್ನು ಅರಿತಿದ್ದು ಅರಿತಂತೆ ಉಣ್ಣಲು ಶಕ್ತನೂ ಆಗಿರುವವನಿಗೆ ರೋಗವಿಲ್ಲ ಎಂದಾಗುತ್ತದೆ. ಯುದ್ಧಕ್ಕೆ ಹೋದವನಲ್ಲಿ ಮೊದಲು ಬಿರುಕು ಬಿಡುವುದು ಈ ಎರಡು ಅರ್ಥಗಳ ನಡುವೆಯೇ.

ಇದಕ್ಕೆ ಇರಾಕಿನ ಟೈಗ್ರಿಸ್ ನದಿಯ ದಂಡೆಯ ಕೂಟ್-ಅಲ್-ಅಮಾರಾ ಎಂಬ ಊರಿನ ಮುತ್ತಿಗೆಯಷ್ಟು ಸ್ಪಷ್ಟವಾದ ನಿದರ್ಶನ ಬೇರೊಂದಿಲ್ಲ. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ತುರ್ಕಿ ಸೇನೆ ಆ ಊರನ್ನು ಸುತ್ತುವರಿದಿತ್ತು. ಒಳಗೆ ಸಿಕ್ಕಿಬಿದ್ದಿದ್ದ ಬ್ರಿಟಿಷ್ ಭಾರತದ ಸೇನೆಯಲ್ಲಿ ಬಿಳಿಯ ಸೈನಿಕರೂ ಭಾರತೀಯ ಸಿಪಾಯಿಗಳೂ ಇದ್ದರು, ಇಬ್ಬರ ಪಡಿತರವೂ ಬೇರೆಬೇರೆಯಾಗಿತ್ತು. ಬಿಳಿಯರಿಗೆ ನಯವಾದ ಬಿಳಿ ಹಿಟ್ಟಿನ ರೊಟ್ಟಿಯೂ ದನದ ಮಾಂಸ ಮುಗಿದ ಮೇಲೆ ಕುದುರೆ ಮಾಂಸವೂ ಸಿಗುತ್ತಿದ್ದವು. ಅವರನ್ನು ಹಿಡಿದದ್ದು ಬೆರಿಬೆರಿ, ಅಂದರೆ ಥಯಮಿನ್ ಎಂಬ ಬಿ ಜೀವಸತ್ವದ ಕೊರತೆಯಿಂದ ನರಗಳು ಸೋತು, ಕಾಲು ಬಾತುಕೊಂಡು, ಕೊನೆಗೆ ಹೃದಯವೇ ಕೈಬಿಡುವ ರೋಗ. ಸಿಪಾಯಿಗಳ ಗೋಧಿ ಹಿಟ್ಟಿನಲ್ಲಿ ಹೊಟ್ಟು ಉಳಿದಿದ್ದುದರಿಂದ ಅವರಿಗೆ ಬೆರಿಬೆರಿ ಬರಲಿಲ್ಲ. ಆದರೆ ತರಕಾರಿಯೂ ಇಲ್ಲದೆ, ಕುದುರೆ ಮಾಂಸವನ್ನೂ ಮುಟ್ಟದೆ ಇದ್ದುದರಿಂದ ಒಸಡು ಬಾತು ರಕ್ತ ಒಸರುವ, ಹಳೆಯ ಗಾಯ ಮತ್ತೆ ಬಾಯಿ ತೆರೆಯುವ ಸ್ಕರ್ವಿ ಎಂಬ ರೋಗ, ಅಂದರೆ ಸಿ ಜೀವಸತ್ವದ ಕೊರತೆ, ಅವರ ಪಾಲಿಗೆ ಬಂತು. ಒಂದೇ ಕೋಟೆಯೊಳಗೆ ಎರಡು ತಟ್ಟೆ, ಎರಡು ರೋಗ.

ಕುದುರೆ ಮಾಂಸವನ್ನು ತಿನ್ನಬಹುದೆಂದು ಹಿಂದೂ ಮುಸ್ಲಿಂ ಧಾರ್ಮಿಕ ಮುಖಂಡರಿಂದ ಸೇನೆಯವರು ಅಪ್ಪಣೆ ತರಿಸಿದರೂ ಬಹಳ ಮಂದಿ ಸಿಪಾಯಿಗಳು ಕೊನೆಯ ವಾರಗಳವರೆಗೂ ಒಪ್ಪಲಿಲ್ಲ. ಇದನ್ನು ಹಟವೆಂದೋ ಅಜ್ಞಾನವೆಂದೋ ಬರೆದುಬಿಡುವುದು ಸುಲಭ. ಆದರೆ ಆ ಸಿಪಾಯಿ ಉಣ್ಣುತ್ತಿದ್ದುದು ಕೂಟ್‌ನಲ್ಲಿ ಕುಳಿತು ಮಾತ್ರವಲ್ಲ. ಯುದ್ಧ ಮುಗಿದ ಮೇಲೆ ತಾನು ಮರಳಬೇಕಾದ ಊರಿನ ಪಂಕ್ತಿಯಲ್ಲಿಯೂ ಅವನು ಆಗಲೇ ಕುಳಿತಿದ್ದ. ಅಲ್ಲಿಂದ ಎಬ್ಬಿಸಿಬಿಟ್ಟರೆ ಏನು ಗತಿ, ಮಗಳ ಮದುವೆ ಹೇಗೆ ಎಂಬ ಲೆಕ್ಕ ಅವನ ಒಸಡಿಗಿಂತ ದೊಡ್ಡದಾಗಿತ್ತು. ಊಟವೆಂಬ ಪದ ಪಂಕ್ತಿಯನ್ನೂ ಒಳಗೊಳ್ಳುತ್ತದೆ ಎಂದು ಮೇಲೆ ಹೇಳಿದ್ದರ ಪೂರ್ತಿ ಭಾರ ತಿಳಿಯುವುದು ಇಲ್ಲಿ: ಅವನು ಊಟ ಬಲ್ಲವನಾಗಿದ್ದ, ಅದಕ್ಕಾಗಿಯೇ ರೋಗಿಯಾದ. ಶರಣಾಗತಿಯ ದಿನ ಸುಮಾರು 13,000 ಜನ ಸೆರೆಯಾದರು. ಮರುಭೂಮಿಯ ನಡಿಗೆಯಲ್ಲೂ ಸೆರೆಯ ದುಡಿಮೆಯಲ್ಲೂ ಅವರಲ್ಲಿ ಸಾವಿರಾರು ಜನ ತೀರಿಕೊಂಡರು.

ಇದೇ ಬೆರಿಬೆರಿ ಅದಕ್ಕೆ ಹತ್ತು ವರ್ಷ ಮೊದಲು, 1904–05ರ ರಷ್ಯಾ-ಜಪಾನ್ ಯುದ್ಧದಲ್ಲಿ, ಜಪಾನಿನ ಭೂಸೇನೆಯ ಸುಮಾರು 27,000 ಸೈನಿಕರನ್ನು ಬಲಿ ತೆಗೆದುಕೊಂಡಿತ್ತು. ಸೈನಿಕನಿಗೆ ಗೌರವದ ಊಟವೆಂದು ಕೊಡುತ್ತಿದ್ದ ಪಾಲಿಶ್ ಮಾಡಿದ ಬೆಳ್ಳನೆಯ ಅಕ್ಕಿಯೇ ಅಲ್ಲಿ ಕಾರಣ. ಅದೇ ದೇಶದ ನೌಕಾಪಡೆ ವೈದ್ಯ ತಕಾಕಿ ಕನೆಹಿರೊ ಅವರ ಮಾತು ಕೇಳಿ 1880ರ ದಶಕದಲ್ಲಿಯೇ ಊಟ ಬದಲಿಸಿ ರೋಗದಿಂದ ಪಾರಾಗಿತ್ತು ಎಂಬುದನ್ನು ನೆನೆದರೆ, ಬಲ್ಲವರಿದ್ದೂ ಕೇಳುವವರಿಲ್ಲದ ಸ್ಥಿತಿ ಎಂಥದೆಂದು ಗೊತ್ತಾಗುತ್ತದೆ. ಅಕ್ಕಿಯ ಜೀವಸತ್ವ ಇರುವುದು ತೌಡಿನಲ್ಲಿ. ಕನ್ನಡದ ಹಳ್ಳಿಗಳಲ್ಲಿ ತೌಡು ದನದ ಬಾನಿಗೆ ಹೋಗುತ್ತದೆ. ಹಸುವಿಗೆ ಬೆರಿಬೆರಿ ಬಂದದ್ದನ್ನು ಅಲ್ಲಿ ಯಾರೂ ಕೇಳಿಲ್ಲ.

ಕನ್ನಡನಾಡಿಗೆ ನೇರವಾಗಿ ತಗಲುವ ಕಥೆ ಜ್ವರದ್ದು. ಮೈಸೂರು ಸಂಸ್ಥಾನದ ಮೈಸೂರು ಲಾನ್ಸರ್ಸ್ ಎಂಬ ಅಶ್ವಪಡೆ 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಜೋಧಪುರದ ಸವಾರರೊಡನೆ ಗೆದ್ದದ್ದು ಪ್ರಸಿದ್ಧವಾಗಿದೆ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಹೆಸರಿನಲ್ಲಿ ನಿಂತಿದೆ. ಅದಾದ ಕೆಲವೇ ವಾರಗಳಲ್ಲಿ, ಸಿರಿಯಾದ ಕಡೆಗೆ ನುಗ್ಗಿದ ಅದೇ ಅಶ್ವದಳಗಳಲ್ಲಿ ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ ಒಟ್ಟಿಗೆ ಎದ್ದು ಶತ್ರುವಿನ ಗುಂಡಿಗಿಂತ ಹೆಚ್ಚು ಜನರನ್ನು ಮಲಗಿಸಿದ ಸಂಗತಿ ಯಾವ ಮೆರವಣಿಗೆಯಲ್ಲೂ ಬರುವುದಿಲ್ಲ. ಎರಡನೆಯ ಮಹಾಯುದ್ಧದ ಬರ್ಮಾ ರಂಗದಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ. ಹದಿನಾಲ್ಕನೆಯ ಸೇನೆಯ ದಂಡನಾಯಕ ವಿಲಿಯಂ ಸ್ಲಿಮ್ ಕೊಟ್ಟಿರುವ ಲೆಕ್ಕದಂತೆ, 1943ರಲ್ಲಿ ಗಾಯಗೊಂಡು ಹಿಂದಕ್ಕೆ ಸಾಗಿಸಲ್ಪಟ್ಟ ಒಬ್ಬೊಬ್ಬ ಸೈನಿಕನಿಗೆ ಪ್ರತಿಯಾಗಿ 120 ಜನ ಕಾಯಿಲೆಬಿದ್ದು ಹಿಂದಿರುಗುತ್ತಿದ್ದರು, ಮಲೇರಿಯಾವೊಂದೇ ವರ್ಷಕ್ಕೆ ಸೇನಾಬಲದ ಶೇಕಡ 84ರಷ್ಟು ಪ್ರಕರಣಗಳಿಗೆ ಕಾರಣವಾಗುತ್ತಿತ್ತು. ಅದಕ್ಕೆ ಮದ್ದು ಮೆಪಾಕ್ರಿನ್ ಎಂಬ ಹಳದಿ ಮಾತ್ರೆ. ನುಂಗಿದವರ ಚರ್ಮ ಅರಿಸಿನ ಬಳಿದಂತಾಗುತ್ತಿತ್ತು, ಗಂಡಸುತನವೂ ಹೋಗುತ್ತದೆಂಬ ಸುಳ್ಳುಸುದ್ದಿ ಬೇರೆ. ಸ್ಲಿಮ್ ಹಠಾತ್ತನೆ ತಪಾಸಣೆ ಮಾಡಿಸಿ, ಮಾತ್ರೆ ನುಂಗಿದವರು ಶೇಕಡ 95ಕ್ಕಿಂತ ಕಡಿಮೆ ಕಂಡ ದಳದ ಮುಖ್ಯಸ್ಥನನ್ನೇ ಕೆಲಸದಿಂದ ತೆಗೆದರು. ಮೂವರನ್ನು ತೆಗೆಯುವಷ್ಟರಲ್ಲಿ ಉಳಿದವರಿಗೆ ಅರ್ಥವಾಯಿತು. ಇಲ್ಲಿ ಬಲ್ಲವನು ಸೇನಾಧಿಪತಿ, ನುಂಗುವವನು ಸಿಪಾಯಿ. ಕನ್ನಡನಾಡಿನ ನಂಟು ಇಲ್ಲಿಯೂ ಇದೆ: ಮಡಿಕೇರಿಯ ಸೇನಾಧಿಕಾರಿ ಕೆ. ಎಸ್. ತಿಮ್ಮಯ್ಯನವರು ದಳ ನಡೆಸಿದ ಅರಾಕಾನ್ ಇದೇ ರಂಗದ ಕರಾವಳಿಯ ಅಂಚು.

ಹೊಳೆಯ ಮಗ್ಗುಲಿನ ಮಲೆನಾಡಿಗರಿಗೆ ಚಳಿಜ್ವರವೂ ಅದರಿಂದ ಹೊಟ್ಟೆಯ ಎಡಕ್ಕೆ ಬೆಳೆಯುವ ಜ್ವರಗಡ್ಡೆಯೂ ಹೊಸದೇನಲ್ಲ. ಆದರೆ ಮಲೇರಿಯಾದಲ್ಲಿ ವೈವ್ಯಾಕ್ಸ್ ಎಂಬ ಬಗೆಯ ರೋಗಾಣು ಯಕೃತ್ತಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ನಿದ್ರಿಸಿ ಮತ್ತೆ ಏಳುತ್ತದೆ; ಹಾಗಾಗಿ ಯುದ್ಧ ಮುಗಿದು ಊರಿಗೆ ಬಂದವನಿಗೆ ಮಗನ ನಾಮಕರಣದ ದಿನ ಬಂದ ನಡುಕ ಬರ್ಮಾ ರಂಗದ ಇಂಫಾಲದಲ್ಲಿ ಕಚ್ಚಿದ ಸೊಳ್ಳೆಯದಾಗಿರಬಹುದು. ಮನೆಯವರಿಗೆ ಅದು ಹಿಂದಿನ ರಾತ್ರಿ ತಿಂದ ಹೋಳಿಗೆಯ ಫಲ. ಗಾದೆ ಆಗ ಸಿದ್ಧವಾಗಿ ಬಾಯಿಗೆ ಬರುತ್ತದೆ. ಸಂಜೆಯಾದೊಡನೆ ತೋಳಿನ ಬಟ್ಟೆ ಇಳಿಸಿ ಗುಂಡಿ ಹಾಕಿಕೊಳ್ಳುವುದು, ಕಾದಾರಿದ ನೀರಲ್ಲದೆ ಕುಡಿಯದಿರುವುದು, ನಿಮಿಷಗಳಲ್ಲಿ ಉಂಡು ಎದ್ದುಬಿಡುವುದು, ಎಲೆಯಲ್ಲಿ ಅಗುಳೂ ಬಿಡದಿರುವುದು, ಮಕ್ಕಳು ಮೊಸರನ್ನ ಬಿಟ್ಟರೆ ಮುಖ ಕೆಂಪಾಗುವುದು: ಇವೆಲ್ಲ ‘ಮಿಲಿಟರಿ ಅಪ್ಪನ ಶಿಸ್ತು’ ಎಂಬ ತಮಾಷೆಯಾಗಿ ಉಳಿಯುತ್ತವೆಯೇ ಹೊರತು, ಪ್ರತಿಯೊಂದು ಅಭ್ಯಾಸದ ಹಿಂದೆ ಒಂದು ಸ್ಥಳ, ಒಂದು ಆಜ್ಞೆ, ಒಂದು ಹಸಿವು ಇತ್ತೆಂದು ಮಕ್ಕಳಿಗೆ ತಿಳಿಯುವುದು ತಡವಾಗಿ.

ತಡವಾಗುವುದೇಕೆಂದರೆ ಗಾದೆಯ ಎರಡನೆಯ ಅರ್ಧ ಅಡ್ಡ ಬರುತ್ತದೆ. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬಲ್ಲಿಯ ಜಗಳ ಅಂಗಳದ ಅಳತೆಯದು. ಬೇಲಿ, ಬದು, ಬಾವಿಯ ಹಗ್ಗ ಅದರ ವಿಷಯಗಳು. ಮಾತು ಬಲ್ಲವರು ಎರಡೂ ಕಡೆ ಇದ್ದೇ ನಡೆದ ಜಗಳಕ್ಕೆ ಯುದ್ಧವೆಂದು ಹೆಸರು, ಅದರಲ್ಲಿ ಹೋರಾಡಿದವನಿಗಂತೂ ಮಾತಿನ ಹಕ್ಕೇ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳ ಕಾಗದಗಳನ್ನು ಸೇನೆ ಒಡೆದು, ಅನುವಾದಿಸಿ, ಓದಿ ಮುಂದೆ ಕಳಿಸುತ್ತಿತ್ತು. ಈ ತಪಾಸಣೆಗೆ ಸೆನ್ಸಾರ್ ಎಂದು ಹೆಸರು. ಇದು ಗೊತ್ತಿದ್ದ ಸಿಪಾಯಿಗಳು ಭಾರತೀಯ ಪಡೆಗಳನ್ನು ಕರಿಮೆಣಸೆಂದೂ ಬಿಳಿಯರ ಪಡೆಗಳನ್ನು ಕೆಂಪು ಮೆಣಸೆಂದೂ ಕರೆದು, ಕರಿಮೆಣಸು ಬಹಳ ಖರ್ಚಾಯಿತು, ಕೆಂಪನ್ನು ಅಪರೂಪಕ್ಕೆ ಮಾತ್ರ ಬಳಸುತ್ತಾರೆ ಎಂಬ ಧಾಟಿಯಲ್ಲಿ ಬರೆಯತೊಡಗಿದರು. ಸಾವಿನ ಲೆಕ್ಕವನ್ನು ಸಾಂಬಾರದ ಡಬ್ಬಿಯಲ್ಲಿಟ್ಟು ಕಳಿಸಿದ ಇವರಿಗಿಂತ ಮಾತು ಬಲ್ಲವರು ಯಾರು? ಸೆನ್ಸಾರ್ ಅಧಿಕಾರಿಗಳು ಅದನ್ನು ಬೇಗನೆ ಬಿಡಿಸಿಕೊಂಡರು ಎಂಬುದು ಬೇರೆ ಮಾತು. ಗಾಯಗೊಂಡ ಸಿಪಾಯಿಗಳನ್ನು ಇಟ್ಟಿದ್ದ ಇಂಗ್ಲೆಂಡಿನ ಬ್ರೈಟನ್ ಅರಮನೆಯ ಆಸ್ಪತ್ರೆಯಲ್ಲಿ ಜಾತಿಮತಗಳಿಗೆ ತಕ್ಕಂತೆ ಒಂಬತ್ತು ಅಡುಗೆಮನೆಗಳಿದ್ದವು. ಊಟಕ್ಕೆ ಅಷ್ಟು ಎಚ್ಚರ, ಮಾತಿಗೆ ಕಾವಲು.

ಆಡದ ಮಾತು ಮೈಯಲ್ಲಿ ತಲೆಯೆತ್ತುತ್ತದೆ ಎಂಬುದನ್ನು ವೈದ್ಯಶಾಸ್ತ್ರ ನಿಧಾನವಾಗಿ ಗುರುತಿಸಿತು. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಹೃದಯಕ್ಕೆ ಏನೂ ದೋಷವಿಲ್ಲದೆ ಬರುವ ಎದೆಬಡಿತ, ಎದೆನೋವು, ಏದುಸಿರುಗಳನ್ನು ಡಾ ಕೋಸ್ಟಾ ಎಂಬ ವೈದ್ಯರು 1871ರಲ್ಲಿ ವಿವರಿಸಿದರು. ಅದಕ್ಕೆ ‘ಸೈನಿಕನ ಹೃದಯ’ ಎಂಬ ಹೆಸರು ಬಂತು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ವೈದ್ಯಕೀಯ ಬರಹದಲ್ಲಿ ‘ಶೆಲ್ ಶಾಕ್’ ಎಂಬ ಮಾತನ್ನು ಬಳಸಿದರು. ಆಘಾತದ ನಂತರ ಉಳಿದುಕೊಳ್ಳುವ ಮಾನಸಿಕ ಒತ್ತಡದ ಕಾಯಿಲೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಸ್ಥಾನ ಸಿಕ್ಕಿದ್ದು 1980ರಲ್ಲಿ. ಅಷ್ಟರೊಳಗೆ ಎರಡೂ ಮಹಾಯುದ್ಧಗಳ ಬಹಳಷ್ಟು ತಂದೆಯರು ‘ಗ್ಯಾಸ್ ಆಗಿದೆ’, ‘ಎದೆ ಹಿಡಿದಂತಾಗುತ್ತದೆ’, ‘ನಿದ್ದೆ ಇಲ್ಲ’ ಎಂದಷ್ಟೇ ಹೇಳಿ, ಓಮದ ನೀರು ಕುಡಿದು ಮುಗಿಸಿದ್ದರು.

1961ರಲ್ಲಿ ಮೈಸೂರಿನಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸ್ಥಾಪನೆಯಾಗಿ, ಸೈನಿಕನ ಬುತ್ತಿಗಾಗಿ ಕೆಡದೆ ಉಳಿಯುವ ಚಪಾತಿಯಿಂದ ದಿಢೀರ್ ಉಪ್ಪಿಟ್ಟಿನವರೆಗೆ ರೂಪಿಸಿತು. ಊಟ ಅರಿಯುವ ಹೊಣೆಯನ್ನು ಉಣ್ಣುವವನ ತಲೆಯಿಂದ ಇಳಿಸಿ ಬಡಿಸುವವನ ಮೇಲೆ ಇಟ್ಟದ್ದು ಗಾದೆಗೆ ಸಿಕ್ಕ ಒಳ್ಳೆಯ ತಿದ್ದುಪಡಿ. ಮಾತಿನ ಅರ್ಧಕ್ಕೆ ಅಂಥ ಪ್ರಯೋಗಾಲಯವಿಲ್ಲ.

ಆದರೂ ಎರಡು ಅರ್ಧಗಳು ಒಂದೇ ಮೇಜಿನ ಮೇಲೆ ಸೇರಿದ ಒಂದು ಸಂದರ್ಭವಿದೆ. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿಗೆ ಶರಣಾದಾಗ ಸೆರೆಯಾದವರಲ್ಲಿ ಬ್ರಿಟಿಷರು, ಆಸ್ಟ್ರೇಲಿಯನ್ನರು, ಭಾರತೀಯರು ಎಲ್ಲರೂ ಇದ್ದರು. ಮೈಸೂರು ಸಂಸ್ಥಾನದ ಪದಾತಿದಳವೊಂದೂ ಅಲ್ಲಿತ್ತು. ಪಾಲಿಶ್ ಅಕ್ಕಿಯ ಗಂಜಿಯ ಮೇಲೆ ಮೂರೂವರೆ ವರ್ಷ ಬದುಕಿದ ಈ ಸೆರೆಯಾಳುಗಳಿಗೆ ಬೆರಿಬೆರಿಯ ಜೊತೆಗೆ ಉರಿಪಾದ, ಅಂದರೆ ರಾತ್ರಿಯಿಡೀ ಅಂಗಾಲು ಸುಡುವ ನರದ ಬೇನೆ, ಬಂದು ಕೆಲವರಲ್ಲಿ ಜೀವಮಾನವಿಡೀ ಉಳಿಯಿತು. ಬಿಡುಗಡೆಯಾದ ಬ್ರಿಟಿಷ್ ಸೆರೆಯಾಳುಗಳನ್ನು ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆ ಐದು ದಶಕಗಳಿಗೂ ಹೆಚ್ಚು ಕಾಲ ಪರೀಕ್ಷಿಸುತ್ತ ಬಂತು. ನೋಡಿದವರಲ್ಲಿ ಸುಮಾರು ಶೇಕಡ 12ರಷ್ಟು ಜನರ ಕರುಳಿನಲ್ಲಿ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ಸಿಕ್ಕಿತು. ಬರಿಗಾಲಿನ ಚರ್ಮದ ಮೂಲಕ ಒಳಹೊಕ್ಕು, ಹೊರಗಿನ ನೆರವಿಲ್ಲದೆ ಮೈಯೊಳಗೇ ಸಂತತಿ ಬೆಳೆಸಿಕೊಳ್ಳುವ ಹುಳು ಅದು. ಜಪಾನಿಯರು ಸೆರೆಯಾಳುಗಳಿಂದ ಕಟ್ಟಿಸಿದ ಸಯಾಮಿನ ರೈಲುದಾರಿಯ ಕೆಸರಿನಲ್ಲಿ ಅಂಟಿದ್ದು ನಲವತ್ತು ವರ್ಷದ ಮೇಲೆ ಸೊಂಟದ ಸುತ್ತ ತುರಿಕೆಯಾಗಿ, ಆಗಾಗ ಕೆಡುವ ಹೊಟ್ಟೆಯಾಗಿ ಕಾಣಿಸಿಕೊಳ್ಳುತ್ತಿತ್ತು. ಈ ಹುಳು ಇದೆಯೆಂದು ಊಹಿಸಬೇಕಾದರೆ ವೈದ್ಯರು ಕೇಳಬೇಕಾದದ್ದು ನಿನ್ನೆ ಏನು ತಿಂದಿರಿ ಎಂದಲ್ಲ, ಯುದ್ಧದಲ್ಲಿ ಎಲ್ಲಿದ್ದಿರಿ ಎಂದು.

ಆ ಪ್ರಶ್ನೆಯನ್ನು ಅದೇ ವೈದ್ಯಶಾಲೆ ಮುಂದೆ ಧ್ವನಿಮುದ್ರಣ ಯಂತ್ರದೊಡನೆಯೂ ಕೇಳಿಸಿತು. ಮುದುಕರಾಗಿದ್ದ ಸೆರೆಯಾಳುಗಳ ನೆನಪುಗಳನ್ನು ದಾಖಲಿಸುವ ಆ ಕೆಲಸದಲ್ಲಿ ತೊಡಗಿದ ಮೆಗ್ ಪಾರ್ಕ್ಸ್ ಅವರ ತಂದೆ ಸ್ವತಃ ಜಪಾನಿನ ಸೆರೆಯಲ್ಲಿದ್ದವರು. ಅವರು ಸೆರೆಯಲ್ಲಿ ಬರೆದಿಟ್ಟಿದ್ದ ದಿನಚರಿಗಳನ್ನು ಮಗಳು ಅದಕ್ಕೆ ಮೊದಲೇ ಪುಸ್ತಕವಾಗಿ ತಂದಿದ್ದರು. ಮೈಸೂರಿನ ಪದಾತಿಗಳ ಮಕ್ಕಳು ಮೊಮ್ಮಕ್ಕಳು ಇಂದೂ ಇದ್ದಾರೆ; ಅವರ ಮನೆಗಳಲ್ಲಿ ಬಿಸಿ ಅನ್ನದ ಗಂಜಿ ಕಂಡರೆ ತಟ್ಟೆ ಸರಿಸುತ್ತಿದ್ದ, ಕಂಬಳಿಯ ಹೊರಗೆ ಅಂಗಾಲು ಚಾಚಿ ಮಲಗುತ್ತಿದ್ದ ತಾತನೊಬ್ಬನ ನೆನಪಿದ್ದರೆ, ಅದನ್ನು ಬರೆದುಕೊಳ್ಳಬೇಕಾದ ಪುಟ ಇನ್ನೂ ಖಾಲಿಯಿದೆ.