*ಇಂದಿನ ಧಮ್ಮ ಚಿಂತನೆ: ಹಿಂದಿನ ಜನ್ಮದ ಲೆಕ್ಕ ಬಿಟ್ಟವರು*



ನಮ್ಮ ಕೇರಿಯ ಒಬ್ಬ ಅಕ್ಕನ ಮಗನಿಗೆ ಈಗ ಹದಿನಾಲ್ಕು ವರ್ಷ. ಹುಟ್ಟಿದಾಗಿನಿಂದ ಕೈಕಾಲು ಸ್ವಾಧೀನವಿಲ್ಲ. ಡಾಕ್ಟರು ಸೆರೆಬ್ರಲ್ ಪಾಲ್ಸಿ ಎಂದರು. ಊರವರು ಹಿಂದಿನ ಜನ್ಮದ ಕರ್ಮ ಎಂದರು. ನಾನು ಅವರ ಮನೆಗೆ ಹೋಗಿ, "ಅಕ್ಕಾ, ಇದು ಯಾವ ಪಾಪದ ಫಲವೂ ಅಲ್ಲ. ಬಾಬಾಸಾಹೇಬರು ಈ ಹಿಂದಿನ ಜನ್ಮದ ಲೆಕ್ಕವನ್ನು ಒಪ್ಪಲಿಲ್ಲ" ಎಂದು ವಿವರಿಸಿದೆ.

ಅಕ್ಕ ಕೇಳಿಸಿಕೊಂಡು ಹೇಳಿದರು: "ಸರಿ ಕಣಪ್ಪಾ. ನಾಳೆ ಇವನನ್ನ ತಾಲ್ಲೂಕು ಆಸ್ಪತ್ರೆಗೆ ಎತ್ಕೊಂಡು ಹೋಗ್ಬೇಕು. ಜೊತೇಲಿ ಬರ್ತೀಯಾ?"

ನನಗೆ ಕೆಲಸವಿತ್ತು. ಹೋಗಲಿಲ್ಲ.

ಅಕ್ಕ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದರು. ಒಂದು ಸಲ ಡಾಕ್ಟರು ರಜೆ. ಇನ್ನೊಂದು ಸಲ ಬಸ್ಸು ಸಿಕ್ಕಿ ತಲುಪುವಷ್ಟರಲ್ಲಿ ಚೀಟಿ ಕೊಡುವುದು ಮುಗಿದಿತ್ತು. ಎರಡು ದಿನದ ಕೂಲಿ ಹೋಯಿತು. ಮೂರನೆಯ ಸಲ ನಾನು ಹೋದೆ. ಬಸ್ಸಿನ ಮೆಟ್ಟಿಲ ಬಳಿ ಅಕ್ಕ ಭುಜ ಹಿಡಿದರು, ನಾನು ಕಾಲು ಹಿಡಿದೆ. ಅವರು ಇಷ್ಟು ವರ್ಷ ಹೊತ್ತ ಭಾರ ಎಷ್ಟೆಂದು ಅಂದು ನನ್ನ ತೋಳಿಗೆ ತಿಳಿಯಿತು.

ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ಭೇದಿಯಾಗಿ ತನ್ನ ಮಲದಲ್ಲೇ ಬಿದ್ದಿದ್ದ ಒಬ್ಬ ಭಿಕ್ಕುವನ್ನು ಭಗವಾನರು ಕಂಡರು. ಬೇರೆ ಭಿಕ್ಕುಗಳು ಯಾಕೆ ನೋಡಿಕೊಳ್ಳುತ್ತಿಲ್ಲ ಎಂದು ಕೇಳಿದರು. ತಾನು ಅವರ ಯಾವ ಉಪಯೋಗಕ್ಕೂ ಬಾರದವನು, ಅದಕ್ಕೇ ಎಂದ ಆತ. ಭಗವಾನರು ನೀರು ಹೊಯ್ದರು, ಆನಂದರು ಮೈ ತೊಳೆದರು. ಇಬ್ಬರೂ ಸೇರಿ ಎತ್ತಿ ಮಂಚದ ಮೇಲೆ ಮಲಗಿಸಿದರು. ಉಪದೇಶ ಮಾಡಿದ್ದು ಆಮೇಲೆ. ನಾನು ಉಪದೇಶ ಮೊದಲು ಮಾಡಿದ್ದೆ.

ಕರ್ಮದ ಮಾತು ಕ್ರೂರವಾದದ್ದು. ಆದರೆ ಅದರಲ್ಲಿ ಒಂದು ಅನುಕೂಲವೂ ಇದೆ. ಕಾರಣ ಹಿಂದಿನ ಜನ್ಮದಲ್ಲಿದ್ದರೆ ಈಗ ಯಾರೂ ಏನೂ ಮಾಡಬೇಕಾಗಿಲ್ಲ. ನಾವು ಆ ಮಾತನ್ನು ಬಿಟ್ಟವರು. ಹಾಗಾದರೆ ದುಃಖದ ಕಾರಣಗಳನ್ನು ಇಲ್ಲೇ ಹುಡುಕಬೇಕು. ಮಿದುಳಿಗಾದ ಪೆಟ್ಟನ್ನು ನಾವು ಅಳಿಸಲಾರೆವು. ಆದರೆ ಎತ್ತರದ ಬಸ್ಸಿನ ಮೆಟ್ಟಿಲು, ದೂರದ ಆಸ್ಪತ್ರೆ, ಗಾಲಿಕುರ್ಚಿ ಉರುಳದ ನಮ್ಮ ಕೇರಿಯ ರಸ್ತೆ, ಇವೆಲ್ಲ ಮನುಷ್ಯರು ಮಾಡಿದ್ದು. ಮನುಷ್ಯರೇ ಸರಿಪಡಿಸಬೇಕು.

ಇದು ದಾನದ ಮಾತಲ್ಲ, ಹಕ್ಕಿನ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ, ಸೆರೆಬ್ರಲ್ ಪಾಲ್ಸಿಯೂ ಅದರಲ್ಲಿದೆ. ಶೇ. 40 ಅಥವಾ ಹೆಚ್ಚು ಎಂಬ ಪ್ರಮಾಣಪತ್ರವಿದ್ದರೆ ಮಾಸಾಶನ, ಬಸ್ ಪಾಸಿಗೆ ಅರ್ಜಿ ಹಾಕಬಹುದು. ಆದರೆ ಆ ಕಾಗದದವರೆಗೆ ಹುಡುಗನನ್ನು ಹೊತ್ತುಕೊಂಡು ಹೋಗುವವರು ಬೇಕಲ್ಲ?

ಗಾಲಿಕುರ್ಚಿ ಬಂದ ವರ್ಷ ಬುದ್ಧಪೂರ್ಣಿಮೆಯಂದು ಅವನು ವಿಹಾರಕ್ಕೆ ಬಂದ. ಬಾಗಿಲಿಗೆ ಮೂರು ಮೆಟ್ಟಿಲು. ಹೊರಗೇ ಕುಳಿತು ತ್ರಿಸರಣ ಹೇಳಿದ. ಯಾರೂ ಅವನನ್ನು ತಡೆಯಲಿಲ್ಲ, ಯಾರೂ ಗಮನಿಸಲೂ ಇಲ್ಲ. ಗುಡಿಯ ಹೊರಗೆ ನಿಂತವರ ಮಕ್ಕಳು ನಾವು. ನಾವೇ ಕಟ್ಟಿದ ವಿಹಾರದ ಹೊರಗೆ ಒಬ್ಬ ಹುಡುಗ ಕುಳಿತಿದ್ದ.

ಮುಂದಿನ ತಿಂಗಳು ನಾಲ್ಕು ಚೀಲ ಸಿಮೆಂಟು ತಂದು ನಾವೇ ಇಳಿಜಾರು ಹಾಕಿದೆವು. ಫಿಸಿಯೋಥೆರಪಿಗೆ ಈಗಲೂ ಜಿಲ್ಲಾ ಆಸ್ಪತ್ರೆಗೇ ಹೋಗಬೇಕು. ಸರದಿಯ ಪ್ರಕಾರ ನಮ್ಮಲ್ಲೊಬ್ಬರು ಅಕ್ಕನ ಜೊತೆ ಹೋಗುತ್ತೇವೆ. ಕೆಲವು ಸಲ ಸರದಿ ತಪ್ಪುತ್ತದೆ. ಆಗ ಅಕ್ಕ ಒಬ್ಬರೇ ಹೊರುತ್ತಾರೆ.

ಬಂಧುಗಳೇ, ನಿಮ್ಮ ಕೇರಿಯಲ್ಲೂ ಹೊರಗೆ ಬಾರದ ಒಬ್ಬರು ಇದ್ದೇ ಇರುತ್ತಾರೆ. ಇವತ್ತು ಅವರ ಮನೆಗೆ ಹೋಗಿ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯಾರೆಂದು ತಿಳಿದುಕೊಂಡು ಹೋಗಿ. ಧಮ್ಮ ಹೇಳುವುದಕ್ಕೆ ಮೊದಲು, ನಾಳೆ ಎಲ್ಲಿಗೆ ಹೋಗಬೇಕು ಎಂದು ಕೇಳಿ.

ನಮೋ ಬುದ್ಧಾಯ. ಜೈ ಭೀಮ್. 🙏