ನಾವು ಯಾರ ಕಡೆ?

ಇಬ್ಬರು ಜಗಳಕ್ಕೆ ನಿಂತರೆ, ನ್ಯಾಯ ಯಾರದೆಂದು ತಿಳಿಯುವ ಮೊದಲೇ ನಮ್ಮ ಮನಸ್ಸು ಬಡಕಲನ ಪಕ್ಕಕ್ಕೆ ಹೋಗಿ ನಿಂತಿರುತ್ತದೆ. ಅದನ್ನು ಕರುಣೆ ಎಂದು ಕರೆದುಕೊಂಡು ನಾವು ಸಮಾಧಾನಪಡುತ್ತೇವೆ. ನಿಜಕ್ಕೂ ಅದು ಕರುಣೆಯೇ? ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡದ್ದು, ನಂಬಿದರೆ ನಂಬಿ, ಬೇಸ್‌ಬಾಲ್ ನೋಡುವಾಗ.

2008ರಲ್ಲಿ ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾದ ಫ್ರೆಸ್ನೋಗೆ ಹೋಗಿದ್ದೆ. ಒಣದ್ರಾಕ್ಷಿಯ ಸೀಮೆ ಅದು. ಅಲ್ಲಿನ ಫ್ರೆಸ್ನೋ ಸ್ಟೇಟ್ ವಿಶ್ವವಿದ್ಯಾಲಯದ ಹುಡುಗರು ಆ ವರ್ಷ ಕಾಲೇಜು ಬೇಸ್‌ಬಾಲಿನ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡುತ್ತಿದ್ದರು. ಕ್ರಿಕೆಟ್ಟಿನ ದಾಯಾದಿಯಂತಿರುವ ಆ ಆಟ ನನಗೆ ಅರ್ಥವಾದದ್ದು ಅರ್ಧ. “ಅತ್ತೆ, ಒಟ್ಟು 64 ತಂಡ. ನಾಲ್ಕು ನಾಲ್ಕರ ಗುಂಪು. ನಮ್ಮವರಿಗೆ ಅವರ ಗುಂಪಿನಲ್ಲಿ ಕೊಟ್ಟಿದ್ದು ಕಟ್ಟಕಡೆಯ ಸ್ಥಾನ” ಎಂದ ಅಳಿಯ. ಮುಖ್ಯ ಚೆಂಡೆಸೆತಗಾರ ಭುಜದ ನೋವಿನಿಂದ ಹೊರಗೆ ಕೂತಿದ್ದನಂತೆ. ಅಷ್ಟು ಸಾಕಾಯಿತು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, “ಪಾಪ, ಗೆಲ್ಲಲಿ” ಎನ್ನುತ್ತ ಟಿ.ವಿ. ಮುಂದೆ ಕೂರತೊಡಗಿದೆ.

ಗೆಲ್ಲುತ್ತ ಗೆಲ್ಲುತ್ತ ಅವರು ಒಮಾಹಾ ಊರಿನ ಫೈನಲ್ಲಿಗೇ ಬಂದರು. ಎದುರಾಳಿ ಜಾರ್ಜಿಯಾ. ತಮಾಷೆಯೆಂದರೆ ಎರಡೂ ತಂಡಗಳ ಹೆಸರು ಬುಲ್‌ಡಾಗ್ಸ್! ಮೂರರಲ್ಲಿ ಎರಡು ಆಟ ಗೆಲ್ಲಬೇಕು. ಮೊದಲನೆಯದು 7-6ರಲ್ಲಿ ಕೈತಪ್ಪಿತು. ಎರಡನೆಯದರಲ್ಲಿ 5-0 ಹಿಂದಿದ್ದವರು ಎದ್ದುನಿಂತು 19-10ರಲ್ಲಿ ಗೆದ್ದರು. ಜೂನ್ 25ರ ಕೊನೆಯ ಆಟದಲ್ಲಿ ಫಲಿತಾಂಶ 6-1. ಆ ಆರೂ ರನ್ನು ಬಂದದ್ದು ಸ್ಟೀವ್ ಡೆಟ್‌ವೈಲರ್ ಎಂಬ ಒಬ್ಬನೇ ಹುಡುಗನ ಬ್ಯಾಟಿನಿಂದ. ಅವನ ಹೆಬ್ಬೆರಳಿನ ಅಸ್ಥಿರಜ್ಜು ಹರಿದಿತ್ತು. ಕೊನೆಯ ಕ್ಯಾಚ್ ಹಿಡಿದವನೂ ಅವನೇ. ಆ ವರ್ಷ 78 ಆಟ ಆಡಿ 31ರಲ್ಲಿ ಸೋತಿದ್ದ ತಂಡ ದೇಶಕ್ಕೇ ಚಾಂಪಿಯನ್ ಆಯಿತು.

ಅಳಿಯ ಕುಣಿದಾಡಿದ. ನಾನೂ ಚಪ್ಪಾಳೆ ತಟ್ಟಿದೆ. ಆದರೆ ಒಂದೇ ನಿಮಿಷದಲ್ಲಿ ನನ್ನ ಕಣ್ಣು ತಲೆತಗ್ಗಿಸಿದ ಜಾರ್ಜಿಯಾದ ಹುಡುಗರ ಮೇಲಿತ್ತು. ಪಾಪ, ಎಂದುಕೊಂಡೆ. ಮನಸ್ಸು ಆಗಲೇ ಪಕ್ಷಾಂತರ ಮಾಡಿತ್ತು! ಹಾಗಾದರೆ ಇಷ್ಟು ದಿನ ನನಗೆ ಬೇಕಾಗಿದ್ದವರು ಆ ಹುಡುಗರೋ, ಅವರ ಸೋಲೋ? ಹರಿದ ಬೆರಳಿನಲ್ಲಿ ಬ್ಯಾಟು ಬೀಸಿದವನಿಗೆ ನನ್ನ ‘ಪಾಪ’ದಿಂದ ಆಗಬೇಕಾದದ್ದೇನಿತ್ತು?

ಆ ರಾತ್ರಿ ಮಗುವನ್ನು ತೂಗುತ್ತಿದ್ದಾಗ ನನ್ನ ತವರಿನ ಬೀದಿಯ ಒಬ್ಬ ಹೆಂಗಸು ನೆನಪಾದಳು. ಗಂಡ ಬಿಟ್ಟುಹೋದಾಗ ಬೀದಿಗೆ ಬೀದಿಯೇ ಅವಳಿಗಾಗಿ ಮರುಗಿತ್ತು. ಹಳೆಯ ಸೀರೆ, ಮಿಕ್ಕ ಸಾರು, ಬೇಕಾದಷ್ಟು ಕಣ್ಣೀರು. ಅವಳು ಹೊಲಿಗೆ ಯಂತ್ರ ಕೊಂಡಳು. ಆಗಲೂ ಎಲ್ಲರಿಗೂ ಸಂತೋಷವೇ. ನಾಲ್ಕು ವರ್ಷಕ್ಕೆ ಅಂಗಡಿ ಹಾಕಿ ಲೂನಾ ಹತ್ತಿ ಹೊರಟಳು ನೋಡಿ, ಅದೇ ಬಾಯಿಗಳು “ಎಷ್ಟು ಸೊಕ್ಕು!” ಎಂದವು. ಅವಳ ನಡಿಗೆ ಬದಲಾಗಿರಲಿಲ್ಲ. ಕೊಡುವ ಸುಖ ಇವರ ಕೈತಪ್ಪಿತ್ತು.

ನನ್ನ ಅಮ್ಮ ಮಾತ್ರ ಅವಳಿಗೆ ಸೀರೆ ಕೊಟ್ಟವಳೂ ಅಲ್ಲ, ಸೊಕ್ಕೆಂದವಳೂ ಅಲ್ಲ. ಮೊದಲ ದಿನದಿಂದ ರವಿಕೆ ಹೊಲಿಯಲು ಕೊಡುತ್ತಿದ್ದಳು. ಮಜೂರಿ ಪೂರ್ತಿ ಎಣಿಸಿಕೊಡುತ್ತಿದ್ದಳು. ತೋಳು ಬಿಗಿಯಾಗಿದ್ದರೆ ಮುಲಾಜಿಲ್ಲದೆ ವಾಪಸು ಕಳಿಸಿ, ಬಿಚ್ಚಿ ಹೊಲಿಸುತ್ತಿದ್ದಳು.