ಹಂಗಿನ ಕೋಣೆ

ಕಳೆದ ತಿಂಗಳು ನಮ್ಮ ನೋಯ್ಡಾದ ಸೆಕ್ಟರಿನಲ್ಲಿ ನಾಲ್ಕಾರು ಕನ್ನಡ ಕುಟುಂಬಗಳು ಸೇರಿದ್ದಾಗ ಒಂದು ವಿಷಯ ಪ್ರಸ್ತಾಪಕ್ಕೆ ಬಂತು. ಸೆಕ್ಟರಿನ ಎಲ್ಲರಿಗೂ ತೆರೆದಿರುವ ಒಂದು ಪುಟ್ಟ ವಾಚನಾಲಯ ಬೇಕು; ಅದರಲ್ಲಿ ಹಿಂದಿ, ಇಂಗ್ಲಿಷ್ ಪುಸ್ತಕಗಳ ಜೊತೆಗೆ ಕನ್ನಡದ್ದೂ ಒಂದು ಬೀರು ಇರಬೇಕು. ಪುಸ್ತಕ ಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಸರದಿಯ ಮೇಲೆ ಕೂತು ನೋಡಿಕೊಳ್ಳಲು ನಿವೃತ್ತರೂ ಇದ್ದಾರೆ. ಇಲ್ಲದಿರುವುದು ಜಾಗ. ಸಮುದಾಯ ಭವನದಲ್ಲಿ ಒಂದು ಕೋಣೆ ಸಿಕ್ಕರೆ ಸಾಕು.

ಕಾಫಿ ಮುಗಿಯುವ ಹೊತ್ತಿಗೆ ಮಿತ್ರರೊಬ್ಬರು ದಾರಿ ತೋರಿಸಿದರು. "ಅರ್ಜಿ ಗಿರ್ಜಿ ಎಲ್ಲ ಯಾಕೆ ರಾಯರೇ? ದೊಡ್ಡ ಹುದ್ದೆಯಲ್ಲಿರುವವರೊಬ್ಬರು ನಮ್ಮ ಕಡೆಯವರೇ. ಯುಗಾದಿಗೆ ಕರೆದು ಹೋಳಿಗೆ ಊಟ ಹಾಕಿ, ಒಂದು ಶಾಲು ಹೊದಿಸಿ, ಕಿವಿಗೆ ಮಾತು ಹಾಕಿದರೆ ಆಯಿತು. ಲಂಚವಲ್ಲ, ಏನಲ್ಲ. ಒಳ್ಳೆಯ ಕೆಲಸಕ್ಕೆ ಒಳ್ಳೆಯವರ ಸಹಾಯ, ಅಷ್ಟೆ."

ಎಲ್ಲರೂ ತಲೆದೂಗಿದರು. ನಾನು ಮಾತ್ರ ಸುಮ್ಮನಿದ್ದೆ. ಯಾಕೆ ಸುಮ್ಮನಿದ್ದೆ ಎಂದು ಹೇಳುವುದಕ್ಕೇ ಈ ನಾಲ್ಕು ಮಾತು.

ಬಹಳ ವರ್ಷಗಳ ಹಿಂದೆ ನೌಕರಿಯ ನಿಮಿತ್ತ ನಾನು ಬೇರೊಂದು ಊರಿನಲ್ಲಿದ್ದೆ. ಊರಿನ ಹೆಸರು ಬೇಡ. ಅಲ್ಲಿಯೂ ನಮಗೆ ಇಂಥದೇ ಆಸೆ ಹುಟ್ಟಿತು. ಪರಿಚಯದ ಅಧಿಕಾರಿಯೊಬ್ಬರ ಬಾಯಿಮಾತಿನ ಮೇಲೆ ಸರ್ಕಾರಿ ಕಟ್ಟಡವೊಂದರಲ್ಲಿ ಕೋಣೆ ಸಿಕ್ಕಿತು. ಒಂದು ಕಾಗದವಿಲ್ಲ, ಒಂದು ರುಜುವಿಲ್ಲ. ಅವರು ಸಜ್ಜನರು, ನಮ್ಮಿಂದ ಒಂದು ಕಾಸನ್ನೂ ಬಯಸಿದವರಲ್ಲ. ಸಂಜೆಯ ಹೊತ್ತು ಇಪ್ಪತ್ತು ಮೂವತ್ತು ಜನ ಬಂದು ಓದುತ್ತಿದ್ದರು. ಕಾವಲುಗಾರನ ಮಗಳೊಬ್ಬಳು ದಿನವೂ ಮೂಲೆಯ ಬೆಂಚಿನಲ್ಲಿ ಕೂತು ಪರೀಕ್ಷೆಗೆ ಓದಿಕೊಳ್ಳುತ್ತಿದ್ದಳು. ಅವಳ ಮನೆಯಲ್ಲಿ ದೀಪವಿತ್ತು, ಕೂರಲು ಜಾಗವಿರಲಿಲ್ಲ.

ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಆ ಅಧಿಕಾರಿಯ ಕಚೇರಿಯನ್ನು ಕುರಿತು ಕಟುವಾದ ಟೀಕೆ ಅಚ್ಚಾಗಿತ್ತು. ನಾನು ಆ ದಿನದ ಪತ್ರಿಕೆಯನ್ನು ಮಡಿಸಿ ಮೇಜಿನ ಖಾನೆಯೊಳಗೆ ಹಾಕಿದೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಅವರು ಆ ದಿನ ಅಲ್ಲಿಗೆ ಬರುವವರೂ ಆಗಿರಲಿಲ್ಲ. ಉಪಕಾರ ಮಾಡಿದವರಿಗೆ ಇಷ್ಟಾದರೂ ಮಾಡಬೇಡವೇ ಎಂದು ನನಗೆ ನಾನೇ ಹೇಳಿಕೊಂಡೆ.

ಮುಂದಿನ ವರ್ಷ ಅವರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು, "ಈ ಕೋಣೆಯನ್ನು ನಿಮಗೆ ಯಾವ ಆಧಾರದ ಮೇಲೆ ಕೊಟ್ಟಿದೆ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ಉತ್ತರವಿರಲಿಲ್ಲ. ವಾರದೊಳಗೆ ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿ ಮನೆಮನೆಗೆ ಹೊತ್ತೆವು. ಕೊನೆಯ ಸಂಜೆ ಆ ಹುಡುಗಿ ಬಾಗಿಲಲ್ಲಿ ನಿಂತು, ನಾಳೆಯಿಂದ ಎಲ್ಲಿ ಕೂರಬೇಕೆಂದು ಕೇಳಿದಳು. ಅವಳಿಗೂ ನಾವು ಉತ್ತರ ಕೊಡಲಾಗಲಿಲ್ಲ.

ಮಿತ್ರರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಗುವಿಗೆ ಬೇಕಾದದ್ದು ಇವತ್ತು ಪುಸ್ತಕ. ಕೋಣೆ ಯಾವ ಬಾಗಿಲಿನಿಂದ ಬಂತೆಂಬುದು ಅದಕ್ಕೇಕೆ? ಕಾನೂನಿನ ದಾರಿ ಉದ್ದ, ಆಯುಷ್ಯ ಗಿಡ್ಡ. ಇದು ಅವರ ವಾದ. ಇದರಲ್ಲಿ ಕರುಣೆಯಿದೆ. ಆದರೆ ಒಂದು ಸಂಗತಿಯನ್ನು ಇದು ಮರೆಯುತ್ತದೆ. ಆ ಕೋಣೆ ಅಧಿಕಾರಿಯ ಸ್ವಂತದ್ದಲ್ಲ, ಸಾರ್ವಜನಿಕರದ್ದು. ತನ್ನದಲ್ಲದ್ದನ್ನು ಒಬ್ಬರು ಉಡುಗೊರೆಯಾಗಿ ಕೊಟ್ಟು, ತನಗೇ ಸಲ್ಲಬೇಕಾದದ್ದನ್ನು ಇನ್ನೊಬ್ಬರು ಉಡುಗೊರೆಯೆಂದು ಕೈಮುಗಿದು ತೆಗೆದುಕೊಂಡರೆ ಅಲ್ಲಿ ಹಂಗು ಹುಟ್ಟುತ್ತದೆ. ನಾನು ಖಾನೆಗೆ ಹಾಕಿದ್ದು ಬರಿಯ ಪತ್ರಿಕೆಯನ್ನಲ್ಲ, ಓದುಗರ ಹಕ್ಕನ್ನು.

ಇದನ್ನು ಮೊದಲೇ ಕಂಡವರಲ್ಲಿ ಡಾಕ್ಟರ್ ಎಸ್. ಆರ್. ರಂಗನಾಥನ್ ಹಿರಿಯರು. ಅವರು ಗ್ರಂಥಾಲಯಗಳಿಗಾಗಿ ದಾನಿಗಳನ್ನು ಹುಡುಕುವುದಕ್ಕಿಂತ ಹೆಚ್ಚಾಗಿ ಕಾಯಿದೆಗಾಗಿ ದುಡಿದರು. ಅವರ ಶ್ರಮದ ಫಲವಾಗಿ 1948ರಲ್ಲಿ ಮದ್ರಾಸಿನಲ್ಲಿ ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ನಮ್ಮ ನಾಡಿನಲ್ಲಿ ಕಾಯಿದೆಯಾದದ್ದು 1965ರಲ್ಲಿ. ಅದರ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯಕ್ಕೆಂದು ಒಂದು ಕರ ಸೇರುತ್ತದೆ. ಈಗ ರೂಪಾಯಿಗೆ 6 ಪೈಸೆ. ಊರಿನಲ್ಲಿ ಮನೆಯಿಟ್ಟುಕೊಂಡಿರುವ ನಮ್ಮಲ್ಲಿ ಅನೇಕರು ವರ್ಷವರ್ಷವೂ ಅದನ್ನು ಕಟ್ಟುತ್ತಿದ್ದೇವೆ, ಬಹುಶಃ ರಸೀತಿ ನೋಡದೆ. ಮೊತ್ತ ಚಿಕ್ಕದು, ಅರ್ಥ ದೊಡ್ಡದು. ಆ 6 ಪೈಸೆ ಕೊಟ್ಟವನು ಗ್ರಂಥಾಲಯದೊಳಗೆ ಯಾರ ಹಂಗೂ ಇಲ್ಲದೆ ಕಾಲಿಡಬಹುದು.

ಹಾಗಾದರೆ ಕಾಯಿದೆಯಾದರೆ ಸಾಕೇ? ಸಾಲದು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಿದ್ದ ಕಾಲದಲ್ಲಿ ಹೀಗೆ ಕೂಡಿದ ಕರ ಗ್ರಂಥಾಲಯ ಇಲಾಖೆಗೆ ಪೂರ್ತಿ ತಲುಪದೆ ಕೋಟಿಗಟ್ಟಲೆ ಬಾಕಿ ನಿಂತದ್ದನ್ನು ಪತ್ರಿಕೆಗಳು ಮತ್ತೆ ಮತ್ತೆ ಬರೆದವು. ಕೊಟ್ಟವರು ಕೊಟ್ಟರು, ವಸೂಲು ಮಾಡಿದವರು ಮಾಡಿದರು. ಎಲ್ಲಿ ಹೋಯಿತೆಂದು ಗಟ್ಟಿಯಾಗಿ ಕೇಳುವ ಓದುಗರು ಸಾಕಷ್ಟು ಇರಲಿಲ್ಲ. ಯಾರೂ ಕೇಳದ ಹಕ್ಕು ಬಳಸದ ಬೀಗದಂತೆ ತುಕ್ಕು ಹಿಡಿಯುತ್ತದೆ.

ಸರ್ಕಾರದ ಹತ್ತಿರ ಸುಳಿಯಲೇಬಾರದು, ನಮ್ಮದು ನಮಗಿರಲಿ ಎನ್ನುವವರೂ ಇದ್ದಾರೆ. ಅವರಿಗೆ ಕೇರಳದ ಕತೆ ಒಂದು ಆಧಾರ. ಪಿ. ಎನ್. ಪಣಿಕ್ಕರ್ ಅವರು 1945ರಲ್ಲಿ ಅಂಬಲಪ್ಪುಳದಲ್ಲಿ 47 ಗ್ರಂಥಾಲಯಗಳನ್ನು ಒಟ್ಟುಗೂಡಿಸಿ ಒಂದು ಸಂಘ ಕಟ್ಟಿದರು. ಊರೂರು ಅಲೆದು ಅದನ್ನು ಬೆಳೆಸಿದರು. 1977ರಲ್ಲಿ ಸರ್ಕಾರ ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಜನ ಕಟ್ಟಿದ್ದು ಜನರ ಕೈ ತಪ್ಪಿತು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. 1989ರ ಕಾಯಿದೆಯಿಂದ ಗ್ರಂಥಾಲಯಗಳ ಪ್ರತಿನಿಧಿಗಳೇ ಆರಿಸುವ ಪರಿಷತ್ತು ಬಂತು. ಸರ್ಕಾರದ ಹಣ ಆ ಪರಿಷತ್ತಿನ ಮೂಲಕ ಹಳ್ಳಿಯ ವಾಚನಾಲಯಕ್ಕೆ ಹೋಗುತ್ತದೆ. ಕಾಸರಗೋಡಿನ ನಮ್ಮ ಕನ್ನಡ ವಾಚನಾಲಯಗಳೂ ಆ ಏರ್ಪಾಡಿನೊಳಗೇ ಇವೆ. ಸರ್ಕಾರದಿಂದ ದೂರ ಓಡುವುದು ಪರಿಹಾರವಲ್ಲ. ಅದರ ಮಡಿಲಲ್ಲಿ ಕೂರುವುದೂ ಅಲ್ಲ. ನಡುವೆ ಒಂದು ಮೇಜು ಇರಬೇಕು, ಮೇಜಿನ ಮೇಲೆ ಕಾಗದವಿರಬೇಕು.

ನಮ್ಮ ನೋಯ್ಡಾಕ್ಕೆ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. 1976ರ ಏಪ್ರಿಲಿನಲ್ಲಿ ಕೈಗಾರಿಕಾ ಅಭಿವೃದ್ಧಿ ಪ್ರಾಧಿಕಾರವಾಗಿ ಹುಟ್ಟಿದ ಈ ಊರನ್ನು ನಡೆಸಿಕೊಂಡು ಬಂದಿರುವುದು ಆ ಪ್ರಾಧಿಕಾರವೇ. ನಾವು ಮತ ಹಾಕಿ ಆರಿಸಿದ ನಗರಸಭೆಯಲ್ಲ. ಚುನಾಯಿತ ನಗರಸಭೆಯಿರುವ ಊರಿನಲ್ಲಾದರೆ ವಾರ್ಡಿನ ಸದಸ್ಯನನ್ನು ಮುಂದಿನ ಚುನಾವಣೆಯಲ್ಲಿ ನೋಡಿಕೊಳ್ಳುತ್ತೇವೆ ಎನ್ನಬಹುದು. ಇಲ್ಲಿ ಹಾಗೆ ಹೇಳಲು ಒಬ್ಬ ಸದಸ್ಯನಿಲ್ಲ. ಅದಕ್ಕೇ "ನಮ್ಮವರು ಯಾರಿದ್ದಾರೆ" ಎಂಬ ಪ್ರಶ್ನೆ ಬಾಯಿಗೆ ಬೇಗ ಬರುತ್ತದೆ. ಆದರೆ ಯೋಚಿಸಿ: ನಮ್ಮವರಿಲ್ಲದ ಬಿಹಾರದವನು, ಬುಂದೇಲಖಂಡದಿಂದ ಇಟ್ಟಿಗೆ ಹೊರಲು ಬಂದವನು ಯಾರ ಹತ್ತಿರ ಹೋಗಬೇಕು? ನಮ್ಮವರ ಬಲದಿಂದ ಪಡೆದ ಕೋಣೆಯ ಹಲಗೆಯ ಮೇಲೆ 'ಸಾರ್ವಜನಿಕ' ಎಂದು ಬರೆಯುವುದು ಸತ್ಯವೇ?

ನಮ್ಮ ಭಾಷೆಗೂ ಇದು ಅನ್ವಯಿಸುತ್ತದೆ. ದೆಹಲಿ ಪಬ್ಲಿಕ್ ಲೈಬ್ರರಿ ಯುನೆಸ್ಕೋ ನೆರವಿನಿಂದ ಆರಂಭವಾಗಿ, 1951ರ ಅಕ್ಟೋಬರಿನಲ್ಲಿ ಪಂಡಿತ್ ನೆಹರೂ ಅವರಿಂದ ಉದ್ಘಾಟನೆಗೊಂಡಿತು. 1954ರ ಕೇಂದ್ರ ಕಾಯಿದೆಯೊಂದರ ಪ್ರಕಾರ ದೇಶದ ಪ್ರಕಾಶಕರು ತಾವು ಅಚ್ಚು ಹಾಕಿದ ಪ್ರತಿ ಪುಸ್ತಕದ ಒಂದೊಂದು ಪ್ರತಿಯನ್ನು ನಾಲ್ಕು ಗ್ರಂಥಾಲಯಗಳಿಗೆ ಕಳಿಸಬೇಕು. ಕೋಲ್ಕತ್ತ, ಚೆನ್ನೈ, ಮುಂಬಯಿಗಳ ಜೊತೆಗೆ ನಾಲ್ಕನೆಯದು ಈ ದೆಹಲಿಯದೇ. ಎಂದರೆ ಧಾರವಾಡದಲ್ಲೋ ಮೈಸೂರಿನಲ್ಲೋ ಅಚ್ಚಾದ ಕನ್ನಡ ಪುಸ್ತಕಕ್ಕೆ ರಾಜಧಾನಿಯಲ್ಲಿ ಕಾನೂನೇ ಕೊಟ್ಟ ಒಂದು ಜಾಗವಿದೆ. ಕನ್ನಡಕ್ಕೆ ಇಲ್ಲಿ ಏನೂ ಇಲ್ಲವೆಂದು ಕೊರಗುವ ನಮ್ಮಲ್ಲಿ ಎಷ್ಟು ಮಂದಿ ಅಲ್ಲಿಗೆ ಹೋಗಿ ಒಂದು ಕನ್ನಡ ಪುಸ್ತಕ ಬೇಕೆಂದು ಕೇಳಿದ್ದೇವೆ? ನಾನೂ ಕೇಳಿದವನಲ್ಲ. ಇಷ್ಟು ವರ್ಷ ಈ ಸೀಮೆಯಲ್ಲಿದ್ದು ಕೇಳಲಿಲ್ಲವೆಂಬುದು ನನ್ನ ಲೆಕ್ಕಕ್ಕೇ ಸೇರಬೇಕಾದ ತಪ್ಪು.

ಮೊನ್ನೆ ಮತ್ತೆ ಸೇರಿದಾಗ ಇದನ್ನೆಲ್ಲ ಮಿತ್ರರ ಮುಂದಿಟ್ಟೆ. "ಹಾಗಾದರೆ ಆ ಸಾಹೇಬರನ್ನು ಹಬ್ಬಕ್ಕೆ ಕರೆಯುವುದೇ ಬೇಡವೇ?" ಎಂದರು. ಧಾರಾಳವಾಗಿ ಕರೆಯೋಣ, ಹೋಳಿಗೆಯನ್ನೂ ಬಡಿಸೋಣ, ಕೋಣೆಯ ಮಾತು ಮಾತ್ರ ಆ ದಿನ ಎತ್ತುವುದು ಬೇಡ. ಅದಕ್ಕೆ ಅರ್ಜಿಯಿದೆ, ಕಚೇರಿಯಿದೆ, ಹೊತ್ತಿದೆ. ಕೋಣೆ ಸಿಕ್ಕರೆ ಲಿಖಿತ ಆದೇಶ ಬೇಕು. ಓದಲು ಬಂದವರ ದಾಖಲೆ, ಪುಸ್ತಕದ ಪಟ್ಟಿ, ಖರ್ಚಿನ ಲೆಕ್ಕ ವರ್ಷಕ್ಕೊಮ್ಮೆ, ಅವರು ಕೇಳದಿದ್ದರೂ, ಕಚೇರಿಗೆ ತಲುಪಬೇಕು. ಅಧಿಕಾರಿ ಬದಲಾದರೆ ಹೊಸಬರಿಗೆ ಅದೇ ಕಡತ, ಅದೇ ನಮಸ್ಕಾರ. ಕೃತಜ್ಞತೆ ಹೇಳುವಾಗ ಕಚೇರಿಗೆ ಹೇಳೋಣ. ಮನುಷ್ಯರಿಗೆ ಹೇಳುವ ಕೃತಜ್ಞತೆ ನಮ್ಮ ಮನೆಯಲ್ಲಿರಲಿ. ಮೇಜಿನ ಮೇಲೆ ಎಲ್ಲ ಪತ್ರಿಕೆಗಳೂ ಬಿಚ್ಚಿಕೊಂಡೇ ಇರಲಿ.

ಮಿತ್ರರು ಸ್ವಲ್ಪ ಹೊತ್ತು ಯೋಚಿಸಿ, "ತಡವಾಗುತ್ತದೆ ರಾಯರೇ" ಎಂದರು. ಆಗುತ್ತದೆ. ಸಿಗದೆಯೂ ಹೋಗಬಹುದು. ಆ ದಿನವೇ ಅರ್ಜಿ ಬರೆದೆವು. ಮಿತ್ರರೇ ತಮ್ಮ ಚೆಂದದ ಹಿಂದಿಯಲ್ಲಿ ಅದನ್ನು ತಿದ್ದಿಕೊಟ್ಟರು. ಸಹಿ ಹಾಕಿದವರಲ್ಲಿ ಮನೆಯ ಯಜಮಾನರಿದ್ದಾರೆ, ಮನೆಗೆಲಸಕ್ಕೆ ಬರುವ ಹೆಂಗಸರಿದ್ದಾರೆ, ಗೇಟಿನ ಇಬ್ಬರು ಕಾವಲುಗಾರರಿದ್ದಾರೆ. ಅವರಲ್ಲೊಬ್ಬರು ಸಹಿ ಮಾಡುವ ಮೊದಲು, ತಮ್ಮ ಮಕ್ಕಳೂ ಒಳಗೆ ಬರಬಹುದೇ ಎಂದು ಎರಡು ಸಲ ಕೇಳಿದರು. ಈ ಸಲ ನನ್ನಲ್ಲಿ ಉತ್ತರವಿತ್ತು.